ದವಾಖಾನ್ಯಾಗ ಕನ್ಯಾ ನೋಡಿದ್ದು

ನಮ್ಮ ದವಾಖಾನೆಯ ಮುಂದಿನ ಕೋಣೆಯಲ್ಲಿ ಬೆತ್ತದ ಕುರ್ಚಿಗಳಿದ್ದವು ಎಂದು ನಾನು ಬಹಳ ವರ್ಷ ಎಲ್ಲರಿಗೂ ಖಾತ್ರಿಯಾಗಿ ಹೇಳುತ್ತ ಬಂದಿದ್ದೆ. ಮೊನ್ನೆ ಅಲ್ಲಿಯ ಹಳೆಯ ಸಿಸ್ಟರ್ ಸಿಕ್ಕರು. "ಬೆತ್ತದ್ದು ಎಲ್ಲಿಂದ ಬರಬೇಕ್ರಿ ಸರ್? ಪ್ಲಾಸ್ಟಿಕ್ ಕುರ್ಚಿ ಇದ್ದೂ. ಕೆಂಪನ್ನೂವು. ಒಂದರ ಕಾಲು ಸೀಳಿತ್ತು, ಅದರ ಮ್ಯಾಲೆ ನೀವ ಕೂಡತಿದ್ರಿ" ಎಂದರು. ನನ್ನ ನೆನಪಿನ ಮೇಲೆ ನನಗಿದ್ದ ಅಷ್ಟಿಷ್ಟು ವಿಶ್ವಾಸವೂ ಅಲ್ಲಿಗೆ ಹೋಯಿತು. ಆದ್ದರಿಂದ ಕುರ್ಚಿಗಳ ವಿಷಯದಲ್ಲಿ ಓದುವವರು ಸಿಸ್ಟರನ್ನೇ ನಂಬಬೇಕು. ಉಳಿದದ್ದರಲ್ಲಿ ಯಾರನ್ನು ನಂಬಬೇಕೆಂದು ನಾನೇ ಇನ್ನೂ ಗಟ್ಟಿ ಮಾಡಿಕೊಂಡಿಲ್ಲ.

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಒಂದು ಹಳೆಯ ಬಂಗಲೆಯನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದ ಸಣ್ಣ ಮನೋರೋಗ ದವಾಖಾನೆ ಅದು. ಎಂಟು ಕಾಟು, ಒಬ್ಬ ಡಾಕ್ಟರು, ಒಬ್ಬ ಸಿಸ್ಟರ್, ಮತ್ತು ನಾನು. ಗೇಟಿಗೆ ಬೋರ್ಡು ಇರಲಿಲ್ಲ. ಬೋರ್ಡು ಹಾಕಿದರೆ ಬರುವ ಮಂದಿಯೂ ಬರುವುದಿಲ್ಲ ಎನ್ನುವುದು ಡಾಕ್ಟರ ಅನುಭವ. ಹೊರಗಿನಿಂದ ನೋಡಿದರೆ ಯಾರೋ ಅನುಕೂಲಸ್ಥರ ಮನೆ. ಅಂಗಳದಲ್ಲಿ ಪಾರಿಜಾತದ ಗಿಡ, ವರಾಂಡದಲ್ಲಿ ತೂಗುಮಂಚ.

ನಾನು ಧಾರವಾಡದಲ್ಲಿ ಮನಶ್ಶಾಸ್ತ್ರದ ಎಂ.ಎ. ಮಾಡಿ, ಎರಡು ಕಡೆ ಕೆಲಸ ಬಿಟ್ಟು, ಮೂರನೆಯದೆಂದು ಇಲ್ಲಿಗೆ ಬಂದವನು. ದಿನಾ ಬೆಳಿಗ್ಗೆ ಧಾರವಾಡದಿಂದ ಬಸ್ಸು ಹತ್ತಿ, ರಾಯಾಪುರ ದಾಟುವಷ್ಟರಲ್ಲಿ ಇದನ್ನೂ ಬಿಡುವ ನಿರ್ಧಾರ ಮಾಡಿ, ಹುಬ್ಬಳ್ಳಿ ಬರುವಷ್ಟರಲ್ಲಿ ಅದನ್ನು ನಾಳೆಗೆ ಮುಂದೂಡುತ್ತಿದ್ದೆ. ನನ್ನ ಹುದ್ದೆಯ ಹೆಸರು ಸಮಾಲೋಚಕ. ಜನರು ಅದನ್ನು ಒಪ್ಪಲಿಲ್ಲ. ಡಾಕ್ಟರು "ಗುಳಿಗಿ ಸಾಹೇಬ್ರು", ನಾನು "ಮಾತಾಡಸೂ ಸರ್".

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿರಬೇಕು. ನಮ್ಮಲ್ಲಿ ಮೊಬೈಲು ಡಾಕ್ಟರ ಕಿಸೆಯಲ್ಲಿ ಮಾತ್ರ ಇತ್ತು. ಅವರು ಯಾವುದೋ ಥಂಡಿ ದೇಶಕ್ಕೆ ಹದಿನೈದು ದಿನದ ತರಬೇತಿಗೆಂದು ಹೋಗಿ, ನೆಗಡಿಯನ್ನೂ ಒಂದು ಹೊಸ ಪದ್ಧತಿಯನ್ನೂ ಹಚ್ಚಿಕೊಂಡು ಬಂದರು. ನೆಗಡಿ ವಾರದಲ್ಲಿ ಹೋಯಿತು.

ಪದ್ಧತಿಯೇನು ಕಷ್ಟದ್ದಲ್ಲ. ರೋಗಿಯ ಬಗ್ಗೆ ರೋಗಿಯ ಬೆನ್ನ ಹಿಂದೆ ಒಂದಕ್ಷರ ಆಡಬಾರದು. ರೋಗಿ, ಮನೆಯವರು, ನಾವು, ಎಲ್ಲರೂ ಸುತ್ತಲೂ ಒಂದೇ ಎತ್ತರದ ಕುರ್ಚಿಗಳಲ್ಲಿ ಕೂತು ಮಾತಾಡಬೇಕು. ಯಾವ ತೀರ್ಮಾನವಾದರೂ ಅಲ್ಲೇ ಆಗಬೇಕು. ಉತ್ತರ ಕೊಡಲು ನಾವು ಅವಸರ ಮಾಡಬಾರದು. ಅವರು ಆಡಿದ ಮಾತನ್ನೇ ಎತ್ತಿಕೊಂಡು ಅವರಿಗೇ ತಿರುಗಿ ಕೊಡಬೇಕು. ನಾವು ಮೂವರು ನಮ್ಮೊಳಗೇನಾದರೂ ಹೇಳಿಕೊಳ್ಳಬೇಕಿದ್ದರೆ ಅದನ್ನೂ ಎಲ್ಲರೆದುರಿಗೇ ಹೇಳಿಕೊಳ್ಳಬೇಕು.

ಸಿಸ್ಟರ್ ಕೇಳಿದರು: "ಹಂಗಾರ ಚಾ ಕುಡಿಯೂ ಮುಂದ ನಾವು ಏನ್ ಮಾತಾಡೂದ್ರಿ?"

"ಸುಮ್ನ ಚಾ ಕುಡಿಯೂದು" ಎಂದರು ಡಾಕ್ಟರು.

"ಬರೇ ಚಾ?"

"ಬರೇ ಚಾ."

ಸಿಸ್ಟರ ಮುಖ ನೋಡುವಂತಿರಲಿಲ್ಲ. ಇಪ್ಪತ್ತು ವರ್ಷ ನೌಕರಿ ಮಾಡಿದ ಅವರಿಗೆ ಇಂಥ ಪಗಾರ ಕಡಿತ ಎಂದೂ ಆಗಿರಲಿಲ್ಲ.

ನಾನು ವಿಶ್ವವಿದ್ಯಾಲಯದವನಲ್ಲವೇ, ಪುರಾವೆ ಕೇಳಿದೆ. "ಸುತ್ತ ಕೂತು ಮಾತಾಡಿದ್ರ ಅರಾಮ ಆಗೂದಿದ್ರ ನಮ್ಮ ಓಣಿ ಕಟ್ಟಿ ಮ್ಯಾಲೆ ಇಷ್ಟೊತ್ತಿಗೆ ಎಲ್ಲಾರೂ ಅರಾಮ ಆಗಬೇಕಿತ್ತಲ್ರಿ" ಎಂದೆ. ಡಾಕ್ಟರು ನನ್ನ ಮಾತನ್ನೇ ಎತ್ತಿಕೊಂಡು, "ಎಲ್ಲಾರೂ ಅರಾಮ ಆಗಬೇಕಿತ್ತು…" ಎಂದು ಕಣ್ಣು ಕಿರಿದು ಮಾಡಿ ಸುಮ್ಮನೆ ಕೂತರು. ಸಿಟ್ಟು ಬರಿಸುವ ಮಟ್ಟಿಗೆ ಈ ಪದ್ಧತಿ ಕೆಲಸ ಮಾಡುತ್ತದೆ ಎಂದು ನನಗೆ ಅಂದೇ ಗೊತ್ತಾಯಿತು.

ಮೊದಲ ತಿಂಗಳು ಬರೀ ಫಜೀತಿ. ಡಾಕ್ಟರ ಸಮಕ್ಕೆ ಕೂಡಲು ಯಾರೂ ತಯಾರಿಲ್ಲ. ಗಂಡಸರು ಕುರ್ಚಿಯ ಬೆನ್ನು ಹಿಡಿದು ನಿಲ್ಲುವರು, ಸೊಸೆಯಂದಿರು ಬಾಗಿಲ ಸಂದಿಯಲ್ಲಿ, ಅತ್ತೆಯಂದಿರು ನೆಲದ ಮೇಲೆ. "ನಿಮಗ ಏನನಸ್ತೇತ್ರಿ?" ಎಂದರೆ ಎಲ್ಲರದೂ ಒಂದೇ ಉತ್ತರ: "ತಾವು ಹೇಳಿದಂಗ್ರಿ." ನವಲಗುಂದದ ಕಡೆಯ ಒಬ್ಬ ಹಿರಿಯರಂತೂ ನಾನು ಅವರ ಮಾತನ್ನು ಮೂರನೆಯ ಸಲ ತಿರುಗಿ ಅವರಿಗೇ ಕೊಟ್ಟಾಗ ಎದ್ದು ನಿಂತು, "ನಾ ಹೇಳಿದ್ದನ್ನ ನನಗ ಹೇಳ್ತೀರಲ್ಲೋ ತಮ್ಮಾ, ಇದಕ್ಕ ನಾ ಬಸ್ಸಿನ್ಯಾಗ ನಿಂತಕೊಂಡು ಬರಬೇಕಿತ್ತೇನು?" ಎಂದು ಗದರಿದರು.

ಕೂಡಿಸುವ ಉಪಾಯ ಹುಡುಕಿದ್ದು ಸಿಸ್ಟರ್. ಒಂದು ಶನಿವಾರ ಮನೆಯಿಂದ ಡಬ್ಬಿ ತುಂಬ ಅವಲಕ್ಕಿ ಚೂಡಾ ಮಾಡಿಕೊಂಡು ಬಂದು, ಬಂದವರ ಒಂದು ಕೈಗೆ ಪ್ಲೇಟು, ಇನ್ನೊಂದು ಕೈಗೆ ಚಹಾದ ಕಪ್ಪು ಕೊಟ್ಟರು. ಎರಡೂ ಕೈ ತುಂಬಿದ ಮನುಷ್ಯ ನಿಂತು ತಿನ್ನಲಾರ, ಕೂತೇಬಿಟ್ಟ. ಥಂಡಿ ದೇಶದವರಿಗೆ ಇದು ಹೊಳೆದಿರಲಿಲ್ಲ.

ಇನ್ನು ಅಕ್ಕೋರ ವಿಷಯ. ಊರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಐದನೆಯ ಇಯತ್ತೆಗೆ ಕಲಿಸುವ ಶಿಕ್ಷಕಿ ಅವರು. ಮಕ್ಕಳು ಕರೆಯುವಂತೆ ನಾವೂ ಅಕ್ಕೋರು ಎಂದೇ ಕರೆಯುತ್ತಿದ್ದೆವು. ವಯಸ್ಸು ಮೂವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ತಂದೆ ತೀರಿಕೊಂಡ ಮೇಲೆ ಮನೆತನ ನಡೆಸುವವರು ಕಾಕಾ, ಅರಳೆ ವ್ಯಾಪಾರಿ. ಅಕ್ಕೋರಿಗೆ ಹತ್ತು ದಿನ ನಿದ್ದೆ ಹೋಯಿತು, ಮಾತು ನಿಲ್ಲದಾಯಿತು. ಕೊನೆಗೆ ಒಂದು ರವಿವಾರ ಶಾಲೆಯ ಹೊರಗೋಡೆಯ ಮೇಲೆ ಐದನೆಯ ಇಯತ್ತೆಯ ಭೂಗೋಲವನ್ನು ಮೊದಲ ಪಾಠದಿಂದ ಸೀಮೆಸುಣ್ಣದಲ್ಲಿ ಬರೆಯತೊಡಗಿದರು. ಕರ್ನಾಟಕದ ನದಿಗಳವರೆಗೆ ಬಂದಾಗ ಮನೆಯವರು ಬಂದು ಕರೆದುಕೊಂಡು ಹೋದರು.

ನಮ್ಮಲ್ಲಿ ಮೂರು ವಾರ ಇದ್ದರು. ಗುಳಿಗೆ ಹಿಡಿಯಿತು, ನಿದ್ದೆ ಬಂತು, ಮಾತು ಹದಕ್ಕೆ ಬಂತು. ಸಿಸ್ಟರ್ ಬರೆದಿಡುವ ಔಷಧದ ಪಟ್ಟಿಯಲ್ಲಿ ಅಕ್ಷರ ಓರೆಯಾಗಿವೆ ಎಂದು ಬಯ್ಯತೊಡಗಿದಾಗ ಅರಾಮಾದರೆಂದು ನಮಗೆಲ್ಲ ಖಾತ್ರಿಯಾಯಿತು.

ಆದರೆ ಅವರ ರಜೆ ಮುಗಿಯುತ್ತ ಬಂದಿತ್ತು. ಬರುವ ಸೋಮವಾರ ಶಾಲೆಗೆ ಹೋಗಲೇಬೇಕು. ಕಾಕಾ ಮಾತ್ರ ಇನ್ನು ಶಾಲೆ ಸಾಕು ಎಂದು ತೀರ್ಮಾನಿಸಿ, ರಾಜೀನಾಮೆ ಬರೆಸಿ, ಅಕ್ಕೋರಿಗೆ ಮೈಮೇಲೆ ಎಚ್ಚರವಿಲ್ಲದ ದಿನ ಸಹಿ ಮಾಡಿಸಿಕೊಂಡಿದ್ದರು. ಶಾಲೆಗೆ ಇನ್ನೂ ಮುಟ್ಟಿಸಿರಲಿಲ್ಲ, ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದರು.

"ಆ ಕಾಗದ ಸಾಲಿಗೆ ಮುಟ್ಟಿತಂದ್ರ ನಾ ಮುಗದೆ ಸರ್" ಎಂದು ಅಕ್ಕೋರು ನನಗೆ ಹೇಳಿದರು. "ಸಾಲ್ಯಾಗ ನಾ ಅಕ್ಕೋರು. ಸಾಲಿ ಇರದಿದ್ರ ನಾ ಕಾಕಾನ ಮನ್ಯಾಗಿನ ಹುಚ್ಚಿ, ಅಷ್ಟ."

ಹೀಗಾಗಿ ಶನಿವಾರ ನಾಲ್ಕು ಗಂಟೆಗೆ ಸಭೆ ಎಂದು ಗೊತ್ತಾಯಿತು. ಕಾಕಾನಿಗೆ ಪತ್ರ ಬರೆದವನು ನಾನು. ಅದರಲ್ಲಿ ಒಂದು ವಾಕ್ಯವಿತ್ತು: "ಇವರ ಮುಂದಿನ ಬದುಕಿನಲ್ಲಿ ಯಾರು ಯಾರು ಇರುವವರಿದ್ದಾರೋ ಅವರನ್ನೆಲ್ಲ ದಯವಿಟ್ಟು ಕರೆದುಕೊಂಡು ಬರಬೇಕು." ಈ ವಾಕ್ಯ ನನ್ನದೆಂದು ಆಗ ಭಾಳ ಹೆಮ್ಮೆಪಟ್ಟದ್ದು ನೆನಪಿದೆ. ಸಭೆ ಮುಗಿದ ಮೇಲೆ ಅದು ಡಾಕ್ಟರು ಹೇಳಿ ಬರೆಸಿದ್ದು ಎಂದು ವಾದಿಸಿದ್ದೂ ನೆನಪಿದೆ. ಎರಡರಲ್ಲಿ ಒಂದು ಸುಳ್ಳಿರಬೇಕು.

ಶನಿವಾರ ಸರಿಯಾಗಿ ನಾಲ್ಕಕ್ಕೆ ಒಂದು ಬಿಳಿ ಅಂಬಾಸಿಡರ್ ಗೇಟಿಗೆ ಬಂತು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಕಾಕಾ ಇಳಿದರು. ಅಕ್ಕೋರ ತಾಯಿ ಇಳಿದರು. ಅವರ ಹಿಂದೆ ನಾವು ಕಾಣದ ಇಬ್ಬರು: ನಲವತ್ತರ ಆಸುಪಾಸಿನ, ಕೂದಲು ಒದ್ದೆ ಮಾಡಿ ಬಾಚಿದ, ಕೈ ಎಲ್ಲಿಡಬೇಕೆಂದು ತಿಳಿಯದ ಒಬ್ಬ ಗೃಹಸ್ಥ, ಮತ್ತು ದೊಡ್ಡ ಇಳಕಲ್ ಸೀರೆ ಉಟ್ಟ, ಕೈಚೀಲದಲ್ಲಿ ತೆಂಗಿನಕಾಯಿ ಇದ್ದ ಅವನ ಸೋದರತ್ತೆ.

"ನೀವು ಬರದಂಗ ಎಲ್ಲಾರನ್ನೂ ಕರಕೊಂಡು ಬಂದೇನ್ರಿ" ಎಂದರು ಕಾಕಾ. ನಮಗೆ ಆನಂದವೇ ಆನಂದ. ಅಲ್ಲಿಯವರೆಗೆ ಯಾರ ಕಡೆಯಿಂದಲೂ ಇಷ್ಟು ಮಂದಿ ಬಂದಿರಲಿಲ್ಲ.

ಆಮೇಲೆ ಕಾಕಾ ಡಾಕ್ಟರ ರಟ್ಟೆ ಹಿಡಿದು, "ಒಂದ ನಿಮಿಷ ಈ ಕಡೆ ಬರ್ರಿ, ಒಂದ ಮಾತೈತಿ" ಎಂದರು.

"ಏನಿದ್ರೂ ಒಳಗ, ಎಲ್ಲಾರ ಮುಂದ ಹೇಳ್ರಿ" ಎಂದು ಡಾಕ್ಟರು ನಕ್ಕರು.

"ಎಲ್ಲಾರ ಮುಂದ ಹೇಳೂ ಮಾತಲ್ರಿ."

"ಹಂಗಾರ ಎಲ್ಲಾರ ಮುಂದನ ಹೇಳಬೇಕಾದ್ದು ಅದು."

ಕಾಕಾ ನನ್ನ ಕಡೆ ಬಂದರು. ನಾನೂ ಪದ್ಧತಿ ಮುರಿಯಲಿಲ್ಲ. ಸಿಸ್ಟರ ಕಡೆ ಹೋದರು. ಅವರು ಎರಡೂ ಕೈಯಲ್ಲಿ ಪ್ಲೇಟು ಹಿಡಿದು, "ನಮಗ ಚಾ ಕುಡಿಯೂ ಮುಂದ ಮಾತಾಡಾಕೂ ಪರವಾನಗಿ ಇಲ್ರಿ" ಎಂದುಬಿಟ್ಟರು. ನಮ್ಮ ಮೂವರಲ್ಲಿ ಒಬ್ಬರು ಅರ್ಧ ನಿಮಿಷ ಕಿವಿ ಕೊಟ್ಟಿದ್ದರೆ ಮುಂದಿನದೊಂದೂ ಆಗುತ್ತಿರಲಿಲ್ಲ.

ಎಲ್ಲರೂ ಕೂತರು. ಸಿಸ್ಟರ ಕೈ ಖಾಲಿಯಿಲ್ಲದ್ದರಿಂದ ಚಹಾದ ತಾಟು ತಂದವರು ಅಕ್ಕೋರು. ಶಾಲೆಗೆ ಹೋಗಲು ತಾವು ತಯಾರು ಎಂದು ಎಲ್ಲರಿಗೂ ಕಾಣಲಿ ಎಂದು ಅಂದು ಹೊಸ ಸೀರೆ ಉಟ್ಟು, ಹೂ ಮುಡಿದಿದ್ದರು. ಸೋದರತ್ತೆ ಅವರನ್ನು ಮುಡಿಯಿಂದ ಹಿಮ್ಮಡದವರೆಗೆ ಒಮ್ಮೆ, ಹಿಮ್ಮಡದಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಬಾರವಾ. ಇಲ್ಲೆ ನನ್ನ ಎದುರಿಗೆ ಕೂಡು."

ಡಾಕ್ಟರು ನನ್ನತ್ತ ನೋಡಿ ಹುಬ್ಬು ಹಾರಿಸಿದರು. ರೋಗಿಯನ್ನು ಮನೆಯವರೇ ಕರೆದು ಸಮಕ್ಕೆ ಕೂಡಿಸಿಕೊಂಡದ್ದು ಅದೇ ಮೊದಲು. ಉತ್ಸಾಹದಿಂದ ಅವರು ಪದ್ಧತಿಯ ಮೊದಲ ಪ್ರಶ್ನೆ ಕೇಳಿದರು: "ಇವತ್ತ ನೀವು ಇಲ್ಲಿಗೆ ಬಂದದ್ದು ಯಾಕಂತ ಒಬ್ಬೊಬ್ಬರ ಹೇಳೂಣಲ್ರಿ?"

"ಕನ್ಯಾ ನೋಡಾಕ ಬಂದೇವ್ರಿ" ಎಂದಳು ಸೋದರತ್ತೆ.

"ಕನ್ಯಾ ನೋಡಾಕ…" ಎಂದು ಡಾಕ್ಟರು ನಿಧಾನವಾಗಿ ತಲೆಯಾಡಿಸಿದರು. "ನೋಡಾಕ ಬಂದೀರಿ. ಏನು ನೋಡಬೇಕಂತೀರಿ?"

"ಎಲ್ಲಾರೂ ಏನ್ ನೋಡತಾರೊ ಅದನ್ನರಿ."

"ಎಲ್ಲಾರೂ ನೋಡೂದನ್ನ."

"ಹೌದ್ರಿ. ನೀವು ಕನ್ಯಾಕ್ಕ ಏನಾಗಬೇಕು?"

"ನಾನು ಡಾಕ್ಟರ್ ರೀ."

"ಮನಿತನದ ಡಾಕ್ಟರ್ ರೀ" ಎಂದರು ಕಾಕಾ ಲಗುಬಗೆಯಿಂದ. "ಮನಿಯವರಿದ್ದಂಗ. ಇದು ಅವರದ ಬಂಗಲೆ."

"ಬಂಗಲೆ ಛಲೋ ಐತಿ. ಇವರು?" ಎಂದು ಅವಳು ನನ್ನತ್ತ ಬೆರಳು ಮಾಡಿದಳು.

"ನಾನು ಎರಡೂ ಕಡೆಯವರನ್ನ ಮಾತಾಡಸತೇನ್ರಿ" ಎಂದೆ.

"ತಿಳೀತ್ ಬಿಡ್ರಿ. ನೀವ ನಡುವ ನಿಂತು ಕೂಡಸೂವರು."

ಅಲ್ಲ ಎನ್ನಲು ನನಗೆ ಶಾಸ್ತ್ರೀಯವಾದ ಯಾವ ಕಾರಣವೂ ಸಿಗಲಿಲ್ಲ. ಅಷ್ಟರಲ್ಲಿ ಅವಳು ಅಕ್ಕೋರ ಕಡೆ ತಿರುಗಿ ಹೆಸರು ಕೇಳಿದಳು, ಓದು ಕೇಳಿದಳು, ತಾಯಿಯ ತವರು ಯಾವುದೆಂದು ಕೇಳಿದಳು. "ಜ್ವಾಳದ ರೊಟ್ಟಿ ಬಡೀತೀಯೇನವಾ? ಎಷ್ಟು ದೊಡ್ಡೂ?" ಎಂದಾಗ ಅಕ್ಕೋರ ಕೈಯಲ್ಲಿದ್ದ ಕಪ್ಪು ನಿಂತಿತು. ತಾಯಿಯ ಮುಖ ನೋಡಿದರು. ತಾಯಿ ನೆಲ ನೋಡುತ್ತಿದ್ದರು. ಕಾಕಾನ ಮುಖ ನೋಡಿದರು. ಕಾಕಾ ಫ್ಯಾನು ನೋಡುತ್ತಿದ್ದರು.

"ಸರ್, ಇಲ್ಲಿ ಏನ್ ನಡದೈತಿ?" ಎಂದು ನನ್ನನ್ನು ಕೇಳಿದರು.

ನನಗೆ ಅಷ್ಟೊತ್ತಿಗೆ ತಿಳಿದಿತ್ತು. ಆದರೂ ತಿಂಗಳ ರೂಢಿ, ಬಾಯಿ ತಾನಾಗಿಯೇ ಹೊರಳಿತು: "ಏನ್ ನಡದೈತಿ ಅಂತೀರಿ…"

ಮನೆಪಾಠ ಮಾಡದೆ ಬಂದ ಹುಡುಗನನ್ನು ನೋಡುವಂತೆ ಅಕ್ಕೋರು ನನ್ನನ್ನು ನೋಡಿದರು.

ಇದಾವುದೂ ಡಾಕ್ಟರಿಗೆ ಇನ್ನೂ ಹೊಳೆದಿರಲಿಲ್ಲ. ಅವರ ಲೆಕ್ಕದಲ್ಲಿ ಅದು ತಿಂಗಳಲ್ಲೇ ಉತ್ತಮ ಸಭೆ. "ಈಗ ನಾವು ಮೂವರು ನಮ್ಮ ನಮ್ಮೊಳಗ ಮಾತಾಡತೇವಿ, ನೀವು ಕೇಳ್ರಿ" ಎಂದರು.

"ಅದನ್ನ ನಾವು ಮನಿಗೆ ಹೋಗಿ ಮಾಡತೇವ್ರಿ" ಎಂದಳು ಸೋದರತ್ತೆ ಬೆರಗಾಗಿ. "ನೀವು ಕನ್ಯಾದ ಮುಂದ ಮಾಡತೀರಿ?"

ಸಿಸ್ಟರ್ ಪ್ಲೇಟು ಕೆಳಗಿಟ್ಟರು. "ಡಾಕ್ಟರ್, ನನಗನಸೂದು ಏನಂದ್ರ, ಇಲ್ಲಿ ಕೂತವರೊಳಗ ಇಬ್ಬರಿಗೆ ತಾವು ಎಲ್ಲಿ ಬಂದು ಕೂತೇವಿ ಅಂತ ಗೊತ್ತಿಲ್ಲ."

"ಎಲ್ಲಿ ಬಂದು ಕೂತೇವಿ ಅಂತ…" ಎಂದು ಶುರು ಮಾಡಿದ ಡಾಕ್ಟರು ಅಲ್ಲಿಗೇ ನಿಂತರು. ಕೈಚೀಲದ ತೆಂಗಿನಕಾಯಿ ನೋಡಿದರು. ಬಾಚಿದ ಕೂದಲು ನೋಡಿದರು. ಅವರ ಕಿವಿ ಮೊದಲು ಕೆಂಪಾದವು, ಆಮೇಲೆ ಕತ್ತು. ನನ್ನ ಕಡೆ ತಿರುಗಿ, "ಇದು ನಾವು ಹೇಳೂ ಮಾತಲ್ಲ, ಅಲ್ಲ?" ಎಂದರು.

"ಅಲ್ರಿ."

"ಯಾರದು?"

"ಅಕ್ಕೋರದು. ಹೇಳೂದೂ ಅವರದ, ಬಿಡೂದೂ ಅವರದ."

"ಚಾ ಆರತೇತ್ರಿ, ತಗೋರಿ, ತಗೋರಿ" ಎಂದರು ಕಾಕಾ.

ಆಗ ನಾನು ಮೊದಲ ಬಾರಿಗೆ ಹೆದರಿದೆ. ಅಕ್ಕೋರು ಸುಮ್ಮನೆ ಇದ್ದುಬಿಟ್ಟರೆ ಒಂದು ತೆಂಗಿನಕಾಯಿ ಉಡಿಗೆ ಬೀಳುತ್ತದೆ, ಕಿಸೆಯ ಕಾಗದ ಶಾಲೆಗೆ ಹೋಗುತ್ತದೆ, ಗುಳಿಗೆಯನ್ನು ಗಂಡನ ಮನೆಯಲ್ಲಿ ಕದ್ದು ನುಂಗಬೇಕಾಗುತ್ತದೆ. ಹೇಳಿದರೆ ಮನೆತನದ ಮಾನ ಅಂಬಾಸಿಡರಿನಲ್ಲಿ ಕೂತು ಗಂಡಿನ ಊರಾದ ಗದಗಿನವರೆಗೆ ಹೋಗುತ್ತದೆ.

ಅಕ್ಕೋರು ಕಪ್ಪು ಕೆಳಗಿಟ್ಟು ಸೆರಗು ಸರಿ ಮಾಡಿಕೊಂಡರು.

"ಅವ್ವಾರ, ಇದು ಬಂಗಲೆ ಅಲ್ರಿ, ತಲಿ ದವಾಖಾನಿ. ನಾ ಮೂರು ವಾರ ಆತು, ಇಲ್ಲೇ ಅದೇನಿ. ಆ ಕಿಡಕಿ ಬಾಜೂಕ ನನ್ನ ಕಾಟು. ನಿದ್ದಿ ಹೋಗಿ ನನಗ ನನ್ನ ಖಬರ ಇರಲಿಲ್ಲ, ಈಗ ಅರಾಮ ಅದೇನಿ. ದಿನಾ ಎರಡು ಗುಳಿಗಿ ತಗೋತೇನಿ, ಇನ್ನೂ ಭಾಳ ದಿನ ತಗೋಬೇಕು. ಸೋಮವಾರ ನನ್ನ ಸಾಲಿ ಐತಿ. ಕಾಕಾನ ಕಿಸೆದಾಗ ನನ್ನ ರಾಜೀನಾಮೆ ಐತಿ, ಅದು ನನಗ ತಿರುಗಿ ಬೇಕು." ಕೊನೆಗೆ, "ರೊಟ್ಟಿ ಬಡಿಯಾಕ ಬರತೇತ್ರಿ" ಎಂದರು.

ಸೋದರತ್ತೆ ಕೈಯಲ್ಲಿದ್ದ ಪ್ಲೇಟನ್ನು ದೂರ ಹಿಡಿದು ನೋಡಿದಳು. "ಹಂಗಾರ ಇದೂ ದವಾಖಾನಿ ಚೂಡಾನ ಏನು?"

"ನಮ್ಮ ಮನ್ಯಾಗ ಮಾಡಿದ್ದರಿ" ಎಂದರು ಸಿಸ್ಟರ್.

ಪ್ಲೇಟು ವಾಪಸು ಹತ್ತಿರ ಬಂತು.

ಯಾರೂ ಎದ್ದು ಹೋಗಲಿಲ್ಲ. ಇದು ನನಗೆ ಇವತ್ತಿಗೂ ಆಶ್ಚರ್ಯ. ಡಾಕ್ಟರು, ಇನ್ನು ಕೆಡುವುದು ಏನೂ ಉಳಿದಿಲ್ಲ ಎಂಬ ಧೈರ್ಯದಲ್ಲೋ ಏನೋ, ಒದ್ದೆ ಕೂದಲಿನ ಗೃಹಸ್ಥನ ಕಡೆ ತಿರುಗಿದರು. "ನೀವು ಇನ್ನೂ ಏನೂ ಅಂದಿಲ್ಲ."

"ನನ್ನ ಯಾರೂ ಕೇಳಿಲ್ರಿ" ಎಂದ ಅವನು. ಅವನ ದನಿ ನಾವು ಕೇಳಿದ್ದೇ ಆಗ.

"ಯಾರೂ ಕೇಳಿಲ್ಲ."

"ಇಲ್ರಿ. ಹೆಂಡತಿ ತೀರಿ ಇನ್ನೂ ವರ್ಷ ಆಗಿಲ್ಲ. ಇದು ಆರನೇ ಕನ್ಯಾ. ಆರೂ ಮನ್ಯಾಗ ಚೂಡಾ ತಿಂದೇನಿ. ನಿನಗ ಮದುವಿ ಬೇಕೇನೋ ಮಾರಾಯಾ ಅಂತ ಒಬ್ಬರೂ ಕೇಳಿಲ್ಲ."

"ಏ! ಬಂದ ಮಂದ್ಯಾಗ ಏನ್ ಮಾತಾಡತೀಯೋ!" ಎಂದಳು ಸೋದರತ್ತೆ.

"ಇಲ್ಲಿ ಮಾತಾಡಬೇಕಂತಲ್ಲ ಅತ್ತಿ. ಸಾಹೇಬ್ರ ಕೇಳಾಕತ್ತಾರ."

"ಹಂಗಾರ ಇವಂಗೂ ಒಂದ ಗುಳಿಗಿ ಕೊಟ್ಟಬಿಡ್ರಿ ಡಾಕ್ಟರ!"

ಮೊದಲು ನಕ್ಕವರು ಅಕ್ಕೋರು. ಆಮೇಲೆ ಅವನೂ ನಕ್ಕ. ಸಿಸ್ಟರಂತೂ ತಿಂಗಳ ಉಪವಾಸ ಮುರಿದವರಂತೆ ನಕ್ಕರು. ನಗದವರು ಕಾಕಾ ಒಬ್ಬರೇ.

"ನಗರಿ, ಎಲ್ಲಾರೂ ನಗರಿ" ಎಂದರು ಅವರು. "ಗ್ವಾಡಿ ಮ್ಯಾಲೆ ಬರದದ್ದು ಇಡೀ ಓಣಿ ನೋಡೇತಿ. ಸುಣ್ಣಾ ಹಚ್ಚಿಸಿದವ ನಾನು. ನಾಳಿ ಈಕಿ ಸಾಲಿಗೆ ಹೋದ್ರ ಹುಡುಗರು ನಗತಾವು, ಹುಡುಗರ ಅಪ್ಪಗೋಳು ನಗತಾರ. ಅಣ್ಣ ಹೋಗೂ ಮುಂದ ಈಕಿ ಕೈ ನನ್ನ ಕೈಯಾಗ ಇಟ್ಟು ಹೋಗ್ಯಾನ. ನಾ ಏನ್ ಮಾಡ್ಲಿ?" ಅಲ್ಲಿಯವರೆಗೆ ನಾನು ಆ ಮನುಷ್ಯನನ್ನು ನನ್ನ ಮನಸ್ಸಿನಲ್ಲಿ ಖಳನಾಯಕ ಮಾಡಿಟ್ಟುಕೊಂಡಿದ್ದೆ.

"ಹುಡುಗರು ನಕ್ಕರ ಏನ್ ಮಾಡಬೇಕಂತ ನನಗ ಗೊತ್ತೈತಿ ಕಾಕಾ" ಎಂದರು ಅಕ್ಕೋರು. "ನೀ ಹೆದರಿದ್ರ ಏನ್ ಮಾಡಬೇಕಂತ ಗೊತ್ತಾಗವಲ್ಲದು."

ಕಾಕಾ ಡಾಕ್ಟರ ಕಡೆ ತಿರುಗಿದರು. "ನೀವ ಹೇಳ್ರಿ ಡಾಕ್ಟರ. ನೀವು ಕೊಡು ಅಂದ್ರ ಕೊಡತೇನಿ, ಬ್ಯಾಡ ಅಂದ್ರ ಬ್ಯಾಡ. ತಾವು ಹೇಳಿದಂಗ."

ನಮ್ಮ ಎಲ್ಲ ಸಭೆಗಳೂ ಬಂದು ಮುಗ್ಗರಿಸುತ್ತಿದ್ದದ್ದು ಈ ಜಾಗದಲ್ಲೇ. ಕೊಡ್ರಿ ಎಂದು ಡಾಕ್ಟರು ಒಂದು ಮಾತು ಅಂದಿದ್ದರೆ ಕಾಗದ ಅಕ್ಕೋರ ಕೈಗೆ ಬರುತ್ತಿತ್ತು. ನಾನಾಗಿದ್ದರೆ ಅಂದೇಬಿಡುತ್ತಿದ್ದೆ. ಅವರು ಅನ್ನಲಿಲ್ಲ. "ನಾ ಹೇಳಿ ಕೊಟ್ರ, ನಾಳಿ ಇನ್ನೊಬ್ಬರು ಹೇಳಿದಾಗ ತಿರುಗಿ ಇಸಗೊಂಡೀರಿ" ಎಂದು ಮಾತ್ರ ಹೇಳಿ ಸುಮ್ಮನೆ ಕೂತರು. ಎಷ್ಟು ಹೊತ್ತು? ಹತ್ತು ನಿಮಿಷ ಎಂದು ನನ್ನ ನೆನಪು. ಎರಡೇ ನಿಮಿಷ ಎಂದು ಸಿಸ್ಟರ್. ಹುಬ್ಬಳ್ಳಿಯಲ್ಲಿ ಎಂಟು ಮಂದಿ ಕೂಡಿ ಎರಡು ನಿಮಿಷ ಮಾತಿಲ್ಲದೆ ಕೂಡುವುದೂ ಸಣ್ಣ ಸಂಗತಿಯಲ್ಲ. ಹೊರಗೆ ಯಾರೋ ಸೈಕಲ್ಲಿನಲ್ಲಿ ಕೊತ್ತಂಬರಿ ಕೂಗುತ್ತ ಹೋದದ್ದು ಪೂರ್ತಿ ಕೇಳಿಸಿತು.

ಆಮೇಲೆ ಮಾತಾಡಿದವರು ತಾಯಿ. ಆ ಮೂರು ವಾರ ಅವರು ದಿನಾ ಬುತ್ತಿ ತಂದು, ಬಾಗಿಲಲ್ಲಿ ನಿಂತು, ಬುತ್ತಿ ಡಬ್ಬಿ ತೊಳೆದುಕೊಂಡು ಹೋದವರು. ಅವರಿಗೆ ಏನನ್ನಿಸುತ್ತದೆ ಎಂದು ಪದ್ಧತಿ ಗೊತ್ತಿದ್ದ ನಾವು ಮೂವರೂ ಒಮ್ಮೆಯೂ ಕೇಳಿರಲಿಲ್ಲ.

"ಸಾಲಿ ಇದ್ದ ದಿನ ಆಕಿ ಉಂಡು ಮಲಗತಾಳ" ಎಂದರು ತಾಯಿ, ಇನ್ನೂ ನೆಲ ನೋಡುತ್ತಲೇ. "ಸೂಟಿ ದಿನ ಮನಿ ತುಂಬ ಬರೇ ಅಡ್ಡಾಡತಾಳ. ಈ ಸಲಾನೂ ಬ್ಯಾಸಗಿ ಸೂಟ್ಯಾಗ ಸುರು ಆದದ್ದು. ನನಗ ಇಷ್ಟ ಗೊತ್ತು. ಕೊಟ್ಟಬಿಡಪಾ."

ಕಾಕಾ ಕಿಸೆಗೆ ಕೈ ಹಾಕಿದರು. ನನ್ನ ನೆನಪಿನಲ್ಲಿ ಅವರು ಎದ್ದು ಬಂದು ಕಾಗದವನ್ನು ಅಕ್ಕೋರ ಕೈಯಲ್ಲೇ ಇಟ್ಟರು. ಡಾಕ್ಟರು ಕೊನೆಯವರೆಗೂ ಹೇಳುತ್ತಿದ್ದದ್ದು, ಚಹಾದ ತಾಟಿನಲ್ಲಿಟ್ಟು ಸರಿಸಿದರು ಎಂದು. ಸಿಸ್ಟರ್ ಹೇಳುವ ಪ್ರಕಾರ, ನಡುವೆ ಕೂತ ಆ ಗೃಹಸ್ಥನ ಕೈಗೆ ಕೊಟ್ಟರು, ಅವನು ದಾಟಿಸಿದ. ಮೂವರೂ ಅದೇ ಕೋಣೆಯಲ್ಲಿ, ಕಣ್ಣು ಬಿಟ್ಟುಕೊಂಡು ಕೂತಿದ್ದೆವು. ಅಕ್ಕೋರು ಕಾಗದ ಬಿಚ್ಚಿ ಪೂರ್ತಿ ಓದಿದರು ಎನ್ನುವಲ್ಲಿ ಮಾತ್ರ ಯಾರದೂ ತಕರಾರಿಲ್ಲ.

"ಹರದ ಒಗೀರಿ" ಎಂದರು ಸಿಸ್ಟರ್.

"ಯಾಕ್ರಿ? ಈ ಸಹಿ ನೋಡ್ರಿ, ಕೋಳಿ ಕೆದರಿದಂಗ ಐತಿ. ಅಕ್ಷರ ಹೆಂಗ ಬರೀಬಾರದು ಅಂತ ಹುಡುಗರಿಗೆ ತೋರಸಾಕ ಇಟಗೋತೇನಿ" ಎಂದು ಮಡಚಿ ಪರ್ಸಿನಲ್ಲಿ ಹಾಕಿಕೊಂಡರು.

ಹೊರಡುವಾಗ ಸೋದರತ್ತೆ ತೆಂಗಿನಕಾಯಿಯನ್ನು ಏನು ಮಾಡಬೇಕೆಂದು ತಿಳಿಯದೆ ಸಿಸ್ಟರ ಉಡಿಗೆ ಹಾಕಿದಳು. ಆಮೇಲೆ ಗೇಟಿನಿಂದ ತಿರುಗಿ ಬಂದು, ತನಗೂ ನಸುಕಿನಲ್ಲಿ ಎದೆ ಢವಢವ ಅನ್ನುವುದನ್ನು ಡಾಕ್ಟರಿಗೆ ಗುಟ್ಟಾಗಿ ಹೇಳಲು ನೋಡಿದಳು. ಡಾಕ್ಟರು ಈ ಸಲ ಪದ್ಧತಿ ಮುರಿದು ಕಿವಿ ಕೊಟ್ಟರು. ಆ ಗೃಹಸ್ಥ ಮುಂದೆ ಎರಡು ಸಲ ಒಬ್ಬನೇ ಗದಗಿನಿಂದ ಬಂದು, ಕೆಂಪು ಕುರ್ಚಿಯಲ್ಲಿ ಕೂತು, ತೀರಿಹೋದ ಹೆಂಡತಿಯ ಬಗ್ಗೆ ತಾಸುಗಟ್ಟಲೆ ಮಾತಾಡಿ ಹೋದ. ಏಳನೆಯ ಕನ್ಯೆಯನ್ನು ನೋಡಿದನೋ ಇಲ್ಲವೋ ನಾನು ಕೇಳಲಿಲ್ಲ.

ಪದ್ಧತಿಯಿಂದ ಇದೆಲ್ಲ ಆಯಿತು ಎಂದು ಡಾಕ್ಟರು ಎಲ್ಲ ಕಡೆ ಹೇಳುತ್ತಿದ್ದರು. ಗುಳಿಗೆಯಿಂದ ಆಯಿತೋ, ತಾಯಿಯ ನಾಲ್ಕು ಮಾತಿನಿಂದ ಆಯಿತೋ, ನನ್ನ ಪತ್ರದ ತಪ್ಪಿನಿಂದ ಆಯಿತೋ ಎಂದು ನಾನು ಕೇಳುತ್ತಿದ್ದೆ. ತಪ್ಪನ್ನು ಬೇರ್ಪಡಿಸಿ ಅಳೆಯುವ ವಿಧಾನ ನಮ್ಮ ಎಂ.ಎ. ಪಠ್ಯದಲ್ಲಿ ಇರಲಿಲ್ಲ.

ರವಿವಾರ ಮನೆಗೆ ಹೋಗಿದ್ದ ಅಕ್ಕೋರು ಸೋಮವಾರ ಬೆಳಿಗ್ಗೆ ಕಾಕಾನ ಸ್ಕೂಟರಿನ ಹಿಂದೆ ಕೂತು ದವಾಖಾನೆಗೆ ಬಂದರು. ಕೆಲಸಕ್ಕೆ ಹಾಜರಾಗಲು ತಬ್ಯೇತು ಸರಿ ಇದೆ ಎಂಬ ಡಾಕ್ಟರ ಪ್ರಮಾಣಪತ್ರ ಬೇಕೆಂದು ಹೆಡ್ಮಾಸ್ತರು ಹೇಳಿಕಳಿಸಿದ್ದರು. ಡಾಕ್ಟರು ಅದನ್ನು ಅವರೆದುರಿಗೇ, ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತ ಬರೆದರು. "ಸಂಪೂರ್ಣ ಅರಾಮ ಇರುತ್ತಾರೆ" ಎಂಬಲ್ಲಿ ಅಕ್ಕೋರು, "ಸಂಪೂರ್ಣ ಅರಾಮ ಯಾರಿರತಾರ್ರಿ? ಅರಾಮ ಅಂತಷ್ಟ ಬರೀರಿ" ಎಂದರು. ಬರೆದರು. ಕೊನೆಯ ಸಾಲು: "ಕೆಲ ದಿನ ಇವರಿಗೆ ಹಗುರವಾದ ಕೆಲಸ ಕೊಡತಕ್ಕದ್ದು."

"ಅದನ್ನ ತಗೀರಿ ಡಾಕ್ಟರ್" ಎಂದರು ಅಕ್ಕೋರು.

"ಯಾಕ್ರಿ? ನಿಮ್ಮ ಸಲುವಾಗಿನ ಬರದದ್ದು."

"ನಮ್ಮ ಸಾಲ್ಯಾಗ ಹಗುರ ಕೆಲಸ ಅಂದ್ರ ಒಂದನೇ ಇಯತ್ತೆ ರೀ. ಅರವತ್ತು ಹುಡುಗರು. ಇಪ್ಪತ್ತು ಅಳತಾವು, ಇಪ್ಪತ್ತು ಮೂಗು ಸುರಸತಾವು, ಇಪ್ಪತ್ತು ಓಡಿ ಹೋಗತಾವು. ಒಂದನೇತ್ತಾ ಕೊಟ್ರ ಮುಂದಿನ ಸೋಮವಾರ ನಾ ಮತ್ತ ಇಲ್ಲೇ ಬರತೇನಿ. ನನಗ ನನ್ನ ಐದನೇತ್ತಾನ ಬೇಕು."

ಡಾಕ್ಟರು ಆ ಸಾಲನ್ನು ಗೀಚಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು. ಕಾಗದ ಹೊಲಸಾಯಿತು, ಹೊಸದು ಬರೆಯುತ್ತೇನೆ ಎಂದು ಪ್ಯಾಡಿಗೆ ಕೈ ಹಾಕಿದಾಗ ಹೊರಗಿನಿಂದ ಸ್ಕೂಟರಿನ ಹಾರ್ನು ಕೇಳಿತು.

"ಲಗೂ ಬಾರವಾ" ಎಂದು ಕಾಕಾ ಗೇಟಿನಿಂದ ಕೂಗಿದರು. "ಪ್ರಾರ್ಥನಾ ಸುರು ಆಗತೇತಿ. ಅಕ್ಕೋರ ತಡಾ ಮಾಡಿದ್ರ ಹುಡುಗರಿಗೆ ಏನ್ ಹೇಳತೀ?"

ಅಕ್ಕೋರು ಗೀಚಿದ ಕಾಗದವನ್ನೇ ಕಸಿದುಕೊಂಡು ಓಡಿದರು.